‘ಕೋಇನ್ಸಿಡೆನ್ಸ್’: ಕಾಕತಾಳೀಯವೋ, ತಾಳೆಯೋ?

ಗೆಳೆಯರೇ,

ಒಂದು ಪದಕ್ಕೆ ನಿಮ್ಮ ನೆರವು ಬೇಕು. ದೂರದ ಆಕಾಶದಲ್ಲಿ ಭಾರಿ ಕಾಯಗಳು ಕೂಡಿಕೊಂಡಾಗ ಏಳುವ ಗುರುತ್ವದ ಅಲೆ ಬಂದ ಹೊತ್ತಿಗೇ, ನ್ಯೂಟ್ರಿನೊ ಅನ್ನುವ ಹಿಡಿಯಲು ಕಷ್ಟವಾದ ಪುಟ್ಟ ಕಣ ಕೂಡ ಬಂದಿತ್ತಾ ಅಂತ ವಿಜ್ಞಾನಿಗಳು ಹುಡುಕುತ್ತಾರಲ್ಲ, ಅದರ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಇದು ‘ಕೋಇನ್ಸಿಡೆನ್ಸ್ ಸರ್ಚ್’. ನಾನು ‘ಕಾಕತಾಳೀಯ ನ್ಯೂಟ್ರಿನೊಗಳ ಹುಡುಕಾಟ’ ಅಂತ ಬರೆದಿದ್ದೆ. ಅಮ್ಮ ಓದಿ ಕೇಳಿದರು: “ಸುಮ್ನೆ ಒಟ್ಟಿಗೆ ಬಂದಿದ್ದನ್ನ ಯಾಕೆ ಹುಡುಕ್ತಾರೆ?”

ಅವರು ಕೇಳಿದ್ದು ಸರಿ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂದರೆ, ಕಾಗೆಯಿಂದ ಕೊಂಬೆ ಮುರಿಯಲಿಲ್ಲ ಅಂತಲೇ ಅರ್ಥ. ಇಲ್ಲಿ ಹುಡುಕುತ್ತಿರುವುದು ಸಂಬಂಧ ಇರುವ ಜೊತೆಯನ್ನು.

2015ರ ಸೆಪ್ಟೆಂಬರ್ 14ನ್ನೇ ನೋಡಿ. ಎರಡು ಕಪ್ಪುಕುಳಿಗಳು ಕೂಡಿಕೊಂಡಾಗ ಎದ್ದ ಅಲೆ, ಇಂಥ ಅಲೆಗಳನ್ನು ಹಿಡಿಯುವ ಅಮೆರಿಕದ ಎರಡು ಲೈಗೊ ಕೇಂದ್ರಗಳನ್ನು 7 ಮಿಲಿಸೆಕೆಂಡ್ ಅಂತರದಲ್ಲಿ ಮುಟ್ಟಿತು. ದಕ್ಷಿಣ ಧ್ರುವದಲ್ಲಿ ನ್ಯೂಟ್ರಿನೊ ಹಿಡಿಯುವ ಐಸ್‌ಕ್ಯೂಬ್ ಕೇಂದ್ರ ಇದೆ. ಒಂದು ಘನ ಕಿಲೋಮೀಟರ್ ಮಂಜುಗಡ್ಡೆಯೊಳಗೆ ಇಳಿಬಿಟ್ಟ 5,160 ಬೆಳಕು ಗುರುತಿಸುವ ಕಣ್ಣುಗಳು. ಅಲ್ಲಿಯವರು ತಮ್ಮ ದಾಖಲೆ ತೆಗೆದು, ಅಲೆ ಬಂದ ಕ್ಷಣದ ಹಿಂದೆ 500 ಸೆಕೆಂಡ್, ಮುಂದೆ 500 ಸೆಕೆಂಡ್ ಜಾಲಾಡಿದರು. ನ್ಯೂಟ್ರಿನೊ ಇರಬಹುದಾದ 3 ಗುರುತು ಸಿಕ್ಕವು. ಮೆಡಿಟರೇನಿಯನ್ ಸಮುದ್ರದ ತಳದಲ್ಲಿದ್ದ ಇನ್ನೊಂದು ನ್ಯೂಟ್ರಿನೊ ಕೇಂದ್ರ ಆಂಟಾರಿಸ್‌ಗೆ ಒಂದೂ ಸಿಗಲಿಲ್ಲ. ಹೊತ್ತು ಸರಿಹೋಯಿತು, ಆದರೆ ಆ ಮೂರೂ ಬಂದ ದಿಕ್ಕು ಬೇರೆ. ನಮ್ಮ ಗಾಳಿಮಂಡಲಕ್ಕೆ ವಿಶ್ವಕಿರಣ ಬಡಿದು ಹುಟ್ಟುವ ಕಣಗಳು ಇಂಥ ಗುರುತನ್ನು ದಿನವಿಡೀ ಬಿಡುತ್ತಲೇ ಇರುತ್ತವೆ. (ಹೀಗೆ ಗಾಳಿಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು ಮೊದಮೊದಲು ಹಿಡಿದ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು, 1965ರಲ್ಲಿ. ಮಕ್ಕಳಿಗೆ ಇದನ್ನು ಹೇಳದೆ ಬಿಡಲು ನನಗೆ ಮನಸ್ಸಿಲ್ಲ.)

ಅಂದರೆ ಆ ಮೂರು ಗುರುತುಗಳೇ ಕಾಕತಾಳೀಯ! ಹುಡುಕುತ್ತಿದ್ದದ್ದು ಅದಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ನಮ್ಮಲ್ಲಿ ಎರಡು ಪದ ಇದ್ದರೆ ಮಗುವಿಗೆ ವಿಷಯ ಬೇಗ ಹೊಳೆಯುತ್ತದೆ. ಹಾಗಾಗಿ ‘ಕಾಕತಾಳೀಯ’ವನ್ನು ಸುಮ್ನೆ ಕೂಡಿಬಂದದ್ದಕ್ಕೇ ಉಳಿಸಿಕೊಳ್ಳೋಣ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದಕ್ಕೆ ಏನನ್ನೋಣ? ‘ಏಕಕಾಲಿಕ’ ಹೊತ್ತನ್ನು ಮಾತ್ರ ಹೇಳುತ್ತದೆ, ದಿಕ್ಕು ಬಿಟ್ಟುಹೋಗುತ್ತದೆ. ‘ಸಂಪಾತ’ ಅಂದರೆ ಪಂಚಾಂಗದ ವಸಂತ ಸಂಪಾತ ನೆನಪಾಗುತ್ತದೆ. ‘ಹೊಂದಾಣಿಕೆ’ ಅಂದರೆ ಯಾರೋ ರಾಜಿ ಮಾಡಿಸಿದ ಹಾಗೆ.

ನನಗೆ ಹಿಡಿಸಿದ್ದು ‘ತಾಳೆ’. ಅಂಗಡಿಯಲ್ಲಿ ರಾತ್ರಿ ಬಾಗಿಲು ಹಾಕುವ ಮುಂಚೆ ಗಲ್ಲಾದ ದುಡ್ಡನ್ನೂ ಪುಸ್ತಕದ ಲೆಕ್ಕವನ್ನೂ ತಾಳೆ ನೋಡುತ್ತೇವಲ್ಲ, ಈ ವಿಜ್ಞಾನಿಗಳು ಮಾಡುವುದೂ ಅದನ್ನೇ ಅಲ್ವಾ? ಹೊತ್ತಿಗೆ ಹೊತ್ತು, ದಿಕ್ಕಿಗೆ ದಿಕ್ಕು. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿಕೊಂಡವು ಅಂತ ಗುರುತ್ವದ ಅಲೆ ತಿಳಿಸಿತು. 1.7 ಸೆಕೆಂಡ್ ಬಿಟ್ಟು ಅದೇ ಕಡೆಯಿಂದ ಗಾಮಾ ಕಿರಣ ಬಂತು. ಅದು ತಾಳೆಯಾಯಿತು. ನ್ಯೂಟ್ರಿನೊವನ್ನು ಮುಂದಿನ 14 ದಿನದವರೆಗೂ ಹುಡುಕಿದರು, ತಾಳೆಯಾಗುವುದು ಒಂದೂ ಸಿಗಲಿಲ್ಲ. ಓದಿ ನೋಡಿ, ಎಲ್ಲೂ ತಡವರಿಸುವುದಿಲ್ಲ.

ತೊಡಕಿರುವುದು ನಾಮಪದದಲ್ಲಿ. ‘ತಾಳೆ ನ್ಯೂಟ್ರಿನೊ’ ಅಂದರೆ ತಾಳೆಮರ, ತಾಳೆಎಣ್ಣೆ ನೆನಪಾಗುತ್ತದೆ. ‘ತಾಳೆಯಾದ ನ್ಯೂಟ್ರಿನೊ’ ಪರವಾಗಿಲ್ಲ, ಆದರೆ ತಲೆಬರಹಕ್ಕೆ ಉದ್ದ. ‘ತಾಳೆ ಹುಡುಕಾಟ’ ಅಂದರೆ ಅರ್ಥವಾಗುತ್ತದಾ? ಲೆಕ್ಕಪತ್ರ ಬರೆಯುವವರು, ಅಚ್ಚಿನ ಮನೆಯಲ್ಲಿ ಕರಡನ್ನು ಮೂಲದ ಜೊತೆ ತಾಳೆ ನೋಡುವವರು ಇಲ್ಲಿ ಇದ್ದೀರಿ. ತಾಳೆಯಾದ ಜೋಡಿಗೆ ನಿಮ್ಮ ಕಡೆ ಬೇರೆ ಹೆಸರು ಬಳಕೆಯಲ್ಲಿದ್ದರೆ ದಯವಿಟ್ಟು ಬರೆಯಿರಿ. ಪದದ ಜೊತೆಗೆ ಅದನ್ನು ಆಡುವ ಒಂದು ವಾಕ್ಯವನ್ನೂ ಕೊಟ್ಟರೆ ಜಾಸ್ತಿ ಅನುಕೂಲ.