ಸರಿಯಾಗಿ ಕೇಳಿಸದಿದ್ದರೆ ಪೈಲಟ್ ಮತ್ತೆ ಕೇಳಬಹುದಾ?

ಪ್ರಶ್ನೆ (ಕಲಬುರಗಿಯ ಒಬ್ಬ ತಾಯಿ): ಸರ್, ನಮಸ್ಕಾರ ರೀ. ಮಗಳು ಪೈಲಟ್ ಟ್ರೈನಿಂಗ್‌ನಲ್ಲಿದ್ದಾಳೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಎಟಿಸಿಯವರು (ವಿಮಾನಗಳಿಗೆ ರೇಡಿಯೋದಲ್ಲಿ ಸೂಚನೆ ಕೊಡುವವರು) ಇಂಗ್ಲಿಷ್‌ನಲ್ಲಿ ಪಟಪಟ ಅಂತ ಹೇಳ್ತಾರೆ, ಮತ್ತೆ ಕೇಳೋಕೆ ನಾಚಿಕೆ ಅಂತಾಳೆ. ಒಂದು ಮಾತು ತಪ್ಪಿ ಕೇಳಿಸಿದರೆ ನಿಜಕ್ಕೂ ಅಪಾಯವಾ?

ಉತ್ತರ (ನಿವೃತ್ತ ಎಟಿಸಿ ಅಧಿಕಾರಿ, ಬೀದರ್): ಅಕ್ಕಾರೆ, ಅಪಾಯವೇ. ಅದಕ್ಕೇ ಅವಳು ಕೇಳಲೇಬೇಕು. ‘ಸೇ ಅಗೇನ್’ (ಮತ್ತೊಮ್ಮೆ ಹೇಳಿ) ಅನ್ನುವುದು ರೇಡಿಯೋ ನಿಯಮದಲ್ಲೇ ಇರುವ ಮಾತು. ಹಾಗೆ ಕೇಳಿದ ಪೈಲಟ್ ಮೇಲೆ ನನಗೆ ಎಂದೂ ಸಿಟ್ಟು ಬಂದಿಲ್ಲ. ತಿಳಿಯದೆ ‘ರೋಜರ್’ (ನೀವು ಹೇಳಿದ್ದು ಪೂರ್ತಿ ಕೇಳಿಸಿತು) ಅನ್ನುವವರನ್ನು ಕಂಡರೆ ಮಾತ್ರ ಎದೆ ಧಸಕ್ ಅನ್ನುತ್ತಿತ್ತು.

ಫೋನಿನಲ್ಲಿ ನಾವು ‘ಹ್ಞೂಂ’ ಅಂತೀವಲ್ಲ, ಅದು ಒಪ್ಪಿದೆ ಅಂತಲೂ ಆಗುತ್ತದೆ, ಸುಮ್ನೆ ಕೇಳಿಸಿಕೊಂಡೆ ಅಂತಲೂ ಆಗುತ್ತದೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫೆ ದ್ವೀಪದಲ್ಲಿ ಅಂಥದ್ದೇ ಒಂದು ‘ಓಕೆ’ ಬಂತು. ದಟ್ಟ ಮಂಜು. ಹಾರಿದ ಮೇಲೆ ಯಾವ ದಾರಿ ಹಿಡಿಯಬೇಕು ಅನ್ನುವುದನ್ನಷ್ಟೇ ಟವರ್, ಅಂದರೆ ಅಲ್ಲಿನ ಎಟಿಸಿ, ಕೆಎಲ್‌ಎಂ ಕಂಪನಿಯ ವಿಮಾನಕ್ಕೆ ಹೇಳಿತ್ತು. ಹಾರಲು ಅನುಮತಿ ಕೊಟ್ಟಿರಲಿಲ್ಲ. ಪೈಲಟ್ ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಅಂದ. ನಿಂತು ಕಾಯುತ್ತಿದ್ದಾರೆ ಅಂದುಕೊಂಡ ಟವರ್ ‘ಓಕೆ’ ಅಂತು. ಅದರ ಬೆನ್ನಿಗೇ ‘ಕಾಯಿರಿ, ನಾನು ಕರೆಯುತ್ತೇನೆ’ ಅಂತಲೂ ಹೇಳಿತು. ಆದರೆ ಅದೇ ಕ್ಷಣ ರನ್‌ವೇ ಮೇಲಿದ್ದ ಪ್ಯಾನ್ ಆಮ್ ವಿಮಾನವೂ ಮಾತಾಡಿತು. ಎರಡೂ ಮಾತು ಸೇರಿ ರೇಡಿಯೋ ಕಿರ್ರ್ ಅಂತು. ‘ಕಾಯಿರಿ’ ಅಂದದ್ದು ಕೆಎಲ್‌ಎಂ ಪೈಲಟ್‌ಗೆ ಸರಿಯಾಗಿ ಕೇಳಿಸಲಿಲ್ಲ, ಅವನ ವಿಮಾನ ಪ್ಯಾನ್ ಆಮ್‌ಗೆ ಡಿಕ್ಕಿ ಹೊಡೆಯಿತು. 583 ಜನ ಸತ್ತರು. ಆಮೇಲಿಂದ ‘ಟೇಕಾಫ್’ ಅನ್ನುವ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಬಳಸುತ್ತಾರೆ. ಉಳಿದ ಕಡೆ ‘ಡಿಪಾರ್ಚರ್’.

ಪ್ರಶ್ನೆ (ಯಾದಗಿರಿಯಿಂದ): ಕೇಳಿದ್ದನ್ನು ಪೈಲಟ್ ತಿರುಗಿ ಹೇಳ್ತಾರಲ್ವಾ ಸರ್? ಆಗ ತಪ್ಪು ಸಿಕ್ಕಿಬೀಳಬೇಕಲ್ಲ?

ಉತ್ತರ: ಟವರ್‌ನಲ್ಲಿರುವವನು ಗಮನ ಕೊಟ್ಟು ಕೇಳಿದರೆ ಮಾತ್ರ. 1989ರಲ್ಲಿ ಕ್ವಾಲಾಲಂಪುರದ ಹತ್ತಿರ ಫ್ಲೈಯಿಂಗ್ ಟೈಗರ್‌ನ ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಿರಿ ಅನ್ನಲು ‘ಟೂ ಫೋರ್ ಝೀರೋ ಝೀರೋ’ ಅಂದರು. ಮೊದಲ ‘ಟೂ’ ಅಂಕಿ ಅಂತ ಅನ್ನಿಸಲೇ ಇಲ್ಲ, ಇಂಗ್ಲಿಷ್‌ನಲ್ಲಿ ‘-ಕ್ಕೆ’ ಅನ್ನುವ ‘ಟು’ ಅಂತ ಅನ್ನಿಸಿ, 400 ಅಡಿಗೆ ಇಳಿಯಿರಿ ಅಂತ ಕೇಳಿಸಿತು. ಪೈಲಟ್ ‘ಓಕೆ, ಫೋರ್ ಝೀರೋ ಝೀರೋ’ ಅಂತ ತಿರುಗಿ ಹೇಳಿಯೂ ಇದ್ದ. ಅದನ್ನು ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ಅದರಲ್ಲಿದ್ದ ನಾಲ್ವರೂ ಸತ್ತರು. ನಮ್ಮ ಎಟಿಸಿಯವರದೂ ತಪ್ಪಿದೆ ಅಂತ ಹೇಳುವಾಗ ಇವತ್ತಿಗೂ ಸಂಕಟವಾಗುತ್ತದೆ. ನಾವು ಹೇಳಿದ್ದನ್ನೇ ಅವರೂ ಹೇಳಿರುತ್ತಾರೆ ಅಂತ ಕಿವಿ ಮೊದಲೇ ನಂಬಿಬಿಡುತ್ತದೆ.

ಪ್ರಶ್ನೆ (ಅದೇ ತಾಯಿ): ಮನೆಯಲ್ಲಿ ಏನಾದರೂ ಅಭ್ಯಾಸ ಮಾಡಿಸಬಹುದಾ?

ಉತ್ತರ: ಖಂಡಿತ. ಚೀಟಿಯಲ್ಲಿ ಅಂಕಿ ಬರೆದುಕೊಂಡು ಒಂದೊಂದಾಗಿ ಓದಿ, ಅವಳು ತಿರುಗಿ ಹೇಳಲಿ. ಟಿವಿ ಹಚ್ಚಿಟ್ಟು, ಕುಕ್ಕರ್ ಸೀಟಿ ಹೊಡೆಯುವಾಗಲೇ ಮಾಡಿಸಿ. ನಡುವೆ ಬೇಕಂತಲೇ ಒಂದು ಅಂಕಿ ನುಂಗಿಬಿಡಿ. ಅವಳು ಊಹೆ ಮಾಡಿ ಹೇಳಿದರೆ ಮೊದಲಿಂದ ಶುರು ಮಾಡಿ. ‘ಸೇ ಅಗೇನ್’ ಅಂದರೆ ಶಭಾಷ್ ಅನ್ನಿ.