ಅಣುರಚನೆಯೊಂದರಿಂದಲೇ ಸ್ಫೋಟಕದ ಆಘಾತ ಸಂವೇದನೆಯನ್ನು ಊಹಿಸಬಹುದೆ?

ಪ್ರಶ್ನೆ – ರಸಾಯನಶಾಸ್ತ್ರ ವಿದ್ಯಾರ್ಥಿನಿ, ಪಾಷಾಣ್, ಪುಣೆ
ನಮಸ್ಕಾರ. ಸ್ಫೋಟಕಗಳ ಸುರಕ್ಷತೆಯ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಅಣುವಿನ ಆಮ್ಲಜನಕ ಸಮತೋಲನವನ್ನು (ಅದು ಪೂರ್ತಿ ಉರಿಯಲು ಅದರೊಳಗಿನ ಆಮ್ಲಜನಕವೇ ಎಷ್ಟು ಸಾಕಾಗುತ್ತದೆ ಎಂಬುದನ್ನು) ಲೆಕ್ಕ ಹಾಕಿ ಸಂವೇದನೆಯನ್ನು, ಅಂದರೆ ವಸ್ತು ಎಷ್ಟು ಸುಲಭವಾಗಿ ಸಿಡಿಯುತ್ತದೆ ಎಂಬುದನ್ನು, ಅಂದಾಜಿಸುವ ಕ್ರಮ 1970ರ ದಶಕದಿಂದಲೂ ಬಳಕೆಯಲ್ಲಿದೆ. ಆದರೆ ಒಂದೇ ವಸ್ತುವಿಗೆ ಎರಡು ಕೋಷ್ಟಕಗಳಲ್ಲಿ ಒಂದಕ್ಕೊಂದು ತಾಳೆಯಾಗದ ಅಂಕಿಗಳು ಸಿಕ್ಕಿವೆ. ಯಾವುದನ್ನು ನಂಬಲಿ?

ಉತ್ತರ – ನಿವೃತ್ತ ತಂತ್ರಜ್ಞ, ಖಡಕಿ
ಅವು ಒಂದೇ ಪರೀಕ್ಷೆಯ ಅಂಕಿಗಳೇ ಎಂದು ಮೊದಲು ನೋಡಿ. ಡ್ರಾಪ್ ಹ್ಯಾಮರ್ ಪರೀಕ್ಷೆಯಲ್ಲಿ ಚಿಟಿಕೆಯಷ್ಟು ಪುಡಿಯ ಮೇಲೆ ತೂಕ ಬೀಳಿಸಿ, ಅರ್ಧದಷ್ಟು ಬಾರಿ ಸಿಡಿಯುವ ಎತ್ತರವನ್ನು ಬರೆದುಕೊಳ್ಳುತ್ತಾರೆ. ಸಿಡಿಯಿತೋ ಇಲ್ಲವೋ ಎಂಬುದನ್ನು ಬಹುಕಾಲ ಕಿವಿಯಿಂದ, ಮೂಗಿನಿಂದಲೇ ತೀರ್ಮಾನಿಸುತ್ತಿದ್ದುದರಿಂದ, ಕೈ ಬದಲಾದರೆ ಅಂಕಿಯೂ ಬದಲಾಗುತ್ತಿತ್ತು. ಗ್ಯಾಪ್ ಟೆಸ್ಟ್‌ನಲ್ಲಾದರೋ ಆಘಾತ ತರಂಗವು ನಡುವಿನ ಪ್ಲಾಸ್ಟಿಕ್ ತಡೆಯನ್ನು ದಾಟಿ ಬಂದು ವಸ್ತುವನ್ನು ಸಿಡಿಸಬೇಕು. ಅಲ್ಲಿ ಎತ್ತರ ಕಡಿಮೆಯಾದಷ್ಟೂ ವಸ್ತು ಸೂಕ್ಷ್ಮ. ಇಲ್ಲಿ ತಡೆ ದಪ್ಪವಾದಷ್ಟೂ ಸೂಕ್ಷ್ಮ. ಇವೆರಡನ್ನೂ ಒಂದೇ ಕಾಲಂನಲ್ಲಿ ಸೇರಿಸಿದರೆ ಅಂಕಿಗಳಿಂದ ಕಲಿತು ಊಹಿಸುವ ಯಾವ ಮಷಿನ್ ಲರ್ನಿಂಗ್ ಮಾದರಿಯೂ ದಾರಿ ತಪ್ಪುತ್ತದೆ.

ಅಣುವಿಗಿಂತ ಹರಳು ಮುಖ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಚ್‌ಎಂಎಕ್ಸ್ ಎಂಬ ಸ್ಫೋಟಕದ ಅಣು ಒಂದೇ ಆದರೂ, ಅದರ ಹರಳಿನ ಡೆಲ್ಟಾ ರೂಪವು ಬೀಟಾ ರೂಪಕ್ಕಿಂತ ಹೆಚ್ಚು ಸೂಕ್ಷ್ಮವಾದದ್ದು. ಟಿಎಟಿಬಿ ಎಂಬ ಇನ್ನೊಂದು ಸ್ಫೋಟಕ ಬಡಿತ, ಆಘಾತಗಳನ್ನು ಅಷ್ಟು ತಾಳಿಕೊಳ್ಳುವುದಕ್ಕೆ ಅದರ ಅಣುಗಳು ಹೈಡ್ರೋಜನ್ ಬಂಧಗಳಿಂದ ಹೆಣೆದುಕೊಂಡು ಪದರ ಪದರವಾಗಿ ಜೋಡಣೆಯಾಗಿರುವುದೂ ಒಂದು ಕಾರಣ. ಇನ್ನು ಹರಳಿನೊಳಗಿನ ಅತಿ ಸಣ್ಣ ಟೊಳ್ಳುಗಳು: ತರಂಗ ಹಾಯ್ದಾಗ ಅವು ಕುಸಿದು, ಆ ಬಿಂದುಗಳಲ್ಲಿ ಮಾತ್ರ ಉಷ್ಣತೆ ಥಟ್ಟನೆ ಏರುತ್ತದೆ, ಪ್ರತಿಕ್ರಿಯೆ ಅಲ್ಲಿಂದಲೇ ಹೊತ್ತಿಕೊಳ್ಳುತ್ತದೆ. ಅಣುಸೂತ್ರ ಈ ಟೊಳ್ಳುಗಳ ಸುದ್ದಿಯನ್ನೇ ಹೇಳುವುದಿಲ್ಲ.

ಉತ್ತರ – ಮಾಟುಂಗಾ, ಮುಂಬೈ
ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ: ಆಘಾತಕ್ಕೆ ಜಗ್ಗದ ವಸ್ತು ಬೆಂಕಿಗೂ ಜಗ್ಗುವುದಿಲ್ಲ ಎಂದು ದಯವಿಟ್ಟು ಬರೆಯಬೇಡಿ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ವಿಕ್ಟೋರಿಯಾ ಡಾಕ್‌ನಲ್ಲಿದ್ದ ಫೋರ್ಟ್ ಸ್ಟೈಕಿನ್ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕಗಳ ಜೊತೆಗೆ ಹತ್ತಿಯ ಬೇಲುಗಳೂ ಇದ್ದವು; ಸರಕಿಗೆ ಹತ್ತಿದ ಬೆಂಕಿಯಿಂದಲೇ ಅನಾಹುತವಾಯಿತು. ಉಡುಪಿಯಿಂದ ಬಂದು ಕೋಟೆ ಪ್ರದೇಶದ ಹೋಟೆಲಿನಲ್ಲಿ ಕೆಲಸಕ್ಕಿದ್ದ ನಮ್ಮ ಅಜ್ಜ, ಸಂಜೆ ನಾಲ್ಕು ಗಂಟೆ ದಾಟುತ್ತಿದ್ದಂತೆ ಕಿಟಕಿಯ ಗಾಜುಗಳೆಲ್ಲ ಚಹಾದ ಲೋಟಗಳ ಮೇಲೆ ಉದುರಿದ್ದನ್ನು ಕೊನೆಯವರೆಗೂ ಹೇಳುತ್ತಿದ್ದರು. ಅಂದು ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೇ ಈಗಲೂ ಆ ದಿನವನ್ನು ದೇಶದಲ್ಲಿ ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತಾರೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಕೋಷ್ಟಕಗಳನ್ನು ಮತ್ತೆ ತೆರೆದು ನೋಡಿದೆ: ಒಂದರಲ್ಲಿರುವುದು ಎತ್ತರ, ಇನ್ನೊಂದರಲ್ಲಿರುವುದು ತಡೆಯ ದಪ್ಪ. ಬಡಿತ, ಆಘಾತ ತರಂಗ, ಬಿಸಿ – ಮೂರಕ್ಕೂ ಬೇರೆ ಬೇರೆ ಕಾಲಂ ಮಾಡಿ, ಹರಳಿನ ರೂಪ ನಮೂದಾಗಿಲ್ಲದ ಸಾಲುಗಳನ್ನು ಸದ್ಯಕ್ಕೆ ತೆಗೆದಿಡುತ್ತಿದ್ದೇನೆ.