ಸ್ನೋ ಕರಗಿದ ಮೇಲೆ ಲಾನ್ ತುಂಬಾ ಬೂದು ಚಕ್ರಗಳು, ಈಗಲೇ ಬೀಜ ಹಾಕಲೇ?

ಹಿತ್ತಲಗಿಡ:
ಡೆಟ್ರಾಯಿಟ್ ಹತ್ತಿರ ಸ್ವಂತ ಮನೆ ತಗೊಂಡ ಮೇಲೆ ನಮಗಿದು ಮೊದಲ ವಸಂತ. ಕಳೆದ ವಾರ ಸ್ನೋ ಪೂರ್ತಿ ಕರಗಿತು. ನೋಡಿದರೆ ಲಾನ್ ತುಂಬಾ ಬೂದುಬಣ್ಣದ ಚಕ್ರಗಳು. ಕೆಲವು ದೋಸೆಯಷ್ಟು, ಕೆಲವು ಮೊರದಷ್ಟು ಅಗಲ. ಹುಲ್ಲು ನೆಲಕ್ಕೆ ಅಂಟಿಕೊಂಡು ಮಲಗಿದೆ. ಡ್ರೈವ್‌ವೇ ಅಂಚಿನಲ್ಲಿ ಒಂದಡಿ ಪೂರ್ತಿ ಕಂದು. ಹುಲ್ಲಿನ ಬೀಜ, ಕ್ರ್ಯಾಬ್‌ಗ್ರಾಸ್ ಅನ್ನೋ ಕಳೆ ತಡೆಯುವ ಮದ್ದು ಎರಡೂ ತಂದಿಟ್ಟಿದ್ದೇನೆ. ಶನಿವಾರ ಒಟ್ಟಿಗೇ ಹಾಕಿಬಿಡಲೇ? ಹಿಂದೆ ತರಕಾರಿ ಮಡಿಯನ್ನೂ ಅಗೆಯಬೇಕು, ಯುಗಾದಿಗೆ ಮೆಂತ್ಯ ಬಿತ್ತುವ ಆಸೆ.

ಗುದ್ದಲಿ:
ನಿಲ್ಲಿ ನಿಲ್ಲಿ, ಎರಡನ್ನೂ ಒಟ್ಟಿಗೆ ಹಾಕಬೇಡಿ! ಆ ಮದ್ದಿಗೆ ನಿಮ್ಮ ಬೀಜ ಯಾವುದು, ಕಳೆ ಯಾವುದು ಅಂತ ಗೊತ್ತಾಗುವುದಿಲ್ಲ. ಅಂಥವು ಬಹುತೇಕ ಎಲ್ಲ ಮೊಳಕೆಯನ್ನೂ ತಡೆಯುತ್ತವೆ. ನಾನೂ ಮೊದಲ ವರ್ಷ ಹೀಗೇ ಮಾಡಿ ಒಂದು ಚೀಲ ಬೀಜ ಮಣ್ಣುಪಾಲು ಮಾಡಿದ್ದೆ.

ಚಕ್ರದೊಳಗಿನ ಒಂದೆರಡು ಎಲೆ ಕಿತ್ತು ಹತ್ತಿರದಿಂದ ನೋಡಿ. ರಾಗಿ, ಸಾಸಿವೆ ಥರ ಕಂದು ಕಾಳು ಅಂಟಿದೆಯಾ? ಬುಡ ಹಿಸುಕಿದರೆ ಗಟ್ಟಿಯಾಗಿದೆಯಾ, ಕೊಳೆತಿದೆಯಾ?

ಹಿತ್ತಲಗಿಡ:
ಹೌದು ರೀ, ಕಾಳಿದೆ! ಹುಳದ ಮೊಟ್ಟೆ ಅಂದುಕೊಂಡಿದ್ದೆ. ಬುಡ ಬೆಳ್ಳಗೆ, ಗಟ್ಟಿಯಾಗೇ ಇದೆ.

ಗುದ್ದಲಿ:
ಮೊಟ್ಟೆಯಲ್ಲ, ಬೂಸ್ಟು. ಗ್ರೇ ಸ್ನೋ ಮೋಲ್ಡ್ ಅಂತಾರೆ. ಸ್ನೋ ಹೊದಿಕೆ ಕೆಳಗೆ ತಿಂಗಳುಗಟ್ಟಲೆ ತೇವ ಇದ್ದಾಗ ಹಬ್ಬುತ್ತದೆ, ಬೇಸಿಗೆಯನ್ನು ಆ ಕಾಳಿನ ರೂಪದಲ್ಲಿ ಕಳೆಯುತ್ತದೆ. ಬಿಸಿಲು ಬಿದ್ದರೆ ತಾನೇ ನಿಲ್ಲುತ್ತದೆ. ಈಗ ಬೂಸ್ಟು ಕೊಲ್ಲುವ ಫಂಗಿಸೈಡ್ ಹೊಡೆದರೆ ಸುಮ್ನೆ ದುಡ್ಡು ದಂಡ. ನೆಲ ಒಣಗಲಿ, ಆಮೇಲೆ ಎಲೆ ಗುಡಿಸುವ ರೇಕ್‌ನಿಂದ ಹಗುರವಾಗಿ ಕೆದರಿ. ಮಗುವಿನ ತಲೆ ಬಾಚಿದ ಹಾಗೆ, ಬೇರು ಕೀಳುವ ಹಾಗಲ್ಲ. ಬುಡ ಗಟ್ಟಿ ಇದೆಯಲ್ವಾ, ಹುಲ್ಲು ತಾನಾಗೇ ತುಂಬಿಕೊಳ್ಳುತ್ತದೆ.

ಬೀಜ ಎತ್ತಿಡಿ. ಇಲ್ಲಿ ಬಿತ್ತಲು ಆಗಸ್ಟ್ ಕೊನೆ, ಸೆಪ್ಟೆಂಬರ್ ಸರಿಯಾದ ಕಾಲ. ಕ್ರ್ಯಾಬ್‌ಗ್ರಾಸ್ ಮದ್ದಿಗೂ ಈ ಶನಿವಾರ ಬೇಗವಾಯ್ತು. ಮಣ್ಣಿನ ಬಿಸಿ 50-55 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು. ಅಕ್ಕಪಕ್ಕದ ಫೋರ್ಸಿಥಿಯಾ ಪೊದೆ ಹಳದಿ ಹೂ ಬಿಟ್ಟಿತೇ, ಮದ್ದಿನ ಚೀಲ ಬಿಚ್ಚಿ.

ಡ್ರೈವ್‌ವೇ ಅಂಚಿನದು ಬಹುಶಃ ಐಸ್ ಕರಗಿಸಲು ಎರಚಿದ ಉಪ್ಪಿನ ಕೆಲಸ. ಎರಡು ಮೂರು ಸಲ ನೀರು ಜಾಸ್ತಿ ಬಿಟ್ಟು ಉಪ್ಪನ್ನು ಕೆಳಗಿಳಿಸಿ. ಮತ್ತೆ, ಮುಂದಿನ ಚಳಿಗೆ ಮುಂಚೆ ಬಿದ್ದ ಎಲೆ ಗುಡಿಸಿ, ಕೊನೇ ಸಲ ಹುಲ್ಲನ್ನು ಸ್ವಲ್ಪ ಗಿಡ್ಡಕ್ಕೆ ಕತ್ತರಿಸಿ. ಉದ್ದ ಹುಲ್ಲು ಮಲಗಿದರೆ ಬೂಸ್ಟಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ.

ಬಾಳೆಎಲೆ:
ತರಕಾರಿ ಮಡಿ ಬಗ್ಗೆ ನಾನು ಹೇಳುತ್ತೇನೆ. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಬೆರಳಿಂದ ತಟ್ಟಿ. ಉದುರಿದರೆ ಅಗೆಯಬಹುದು. ಮುದ್ದೆ ಥರ ಕೂತರೆ ಗುದ್ದಲಿ ಮುಟ್ಟಬೇಡಿ, ಹಸಿಯಲ್ಲಿ ಅಗೆದ ಜೇಡಿ ಮಣ್ಣು ಒಣಗಿದರೆ ಇಟ್ಟಿಗೆ. (ಗುದ್ದಲಿಯವರೇ, ನಿಮಗಲ್ಲ ಹೇಳಿದ್ದು.) ಯುಗಾದಿ ಮೆಂತ್ಯಕ್ಕೆ ಅಡುಗೆಮನೆ ಕಿಟಕಿಯ ಕುಂಡವೇ ಸಾಕು. ಟೊಮೆಟೊ, ಬದನೆ ಸಸಿಗಳನ್ನು ಮೇ ಮಧ್ಯ ದಾಟುವ ತನಕ ಹೊರಗೆ ನೆಡಬೇಡಿ. ಅಲ್ಲಿವರೆಗೂ ಒಂದು ರಾತ್ರಿ ಹಿಮ ಬಿದ್ದರೆ ಬೆಳಗ್ಗೆ ಎಲ್ಲ ಬೇಯಿಸಿದ ಸೊಪ್ಪಾಗಿರುತ್ತದೆ.

ಹಿತ್ತಲಗಿಡ (ನಾಲ್ಕು ವಾರ ಬಿಟ್ಟು):
ಕೆದರಿದ ಜಾಗದಲ್ಲೆಲ್ಲ ಸೂಜಿಯಂಥ ಹಸಿರು ಬಂದಿದೆ. ಒಂದೆರಡು ಚಕ್ರ ಮಾತ್ರ ಇನ್ನೂ ಬೋಳು. ಎದುರು ಮನೆಯ ಫೋರ್ಸಿಥಿಯಾ ನಿನ್ನೆ ಅರಳಿತು, ಮದ್ದು ಹಾಕಿದೆ. ಮಡಿ ಮಣ್ಣು ಇನ್ನೂ ಮುದ್ದೆಯೇ. ಕಿಟಕಿಯ ಮೆಂತ್ಯ ಚಪಾತಿಗೆ ಹೋಯ್ತು.